ನೂರು ಅಡಿಯ ಟ್ರಸ್ಸು, ನಾಲ್ಕು ಹಗ್ಗ

ಗುರುವಾರ ಬೆಳಿಗ್ಗೆ ಹತ್ತು ಗಂಟೆ ಐವತ್ತೆರಡು ನಿಮಿಷಕ್ಕೆ ನಾನು ರಾಣೆಬೆನ್ನೂರಿನ ಒಂದು ಶಾಲೆಯ ಹಿಂದಿನ ಬಯಲಿನಲ್ಲಿ, ದಕ್ಷಿಣದ ಸಾಲಿನ ಎರಡನೆಯ ಕಂಬದ ಬುಡದಲ್ಲಿ ನಿಂತಿದ್ದೆ. ಬೆನ್ನು ಕಂಬಕ್ಕೆ ತಾಗಿತ್ತು, ಮುಖ ಉತ್ತರಕ್ಕಿತ್ತು. ಹೊತ್ತಿನ ಬಗ್ಗೆ ನನಗೆ ಅನುಮಾನವಿಲ್ಲ. ಹನ್ನೊಂದರೊಳಗೆ ಚಾವಣಿಯ ಮೊದಲ ಟ್ರಸ್ಸು ಕಂಬದ ಮೇಲೆ ಕೂತು ಕ್ರೇನಿನ ಕೊಕ್ಕೆ ಬಿಚ್ಚಬೇಕು, ಆಮೇಲೆ ಕಾಯಿ ಒಡೆಯಬೇಕು ಎಂದು ಮುಹೂರ್ತವಿತ್ತು. ಎಲ್ಲರೂ ಗಡಿಯಾರ ನೋಡುತ್ತಲೇ ಇದ್ದರು.

ನಾನು ಅದೇ ಜಾಗದಲ್ಲಿ ನಿಂತದ್ದಕ್ಕೆ ಕಾರಣವಿದೆ. ಅಲ್ಲಿಂದ ತಲೆ ಎತ್ತಿದರೆ ಟ್ರಸ್ಸು ಈ ತುದಿಯಿಂದ ಆ ತುದಿಗೆ ಒಂದೇ ಗೆರೆಯಾಗಿ ಕಾಣುತ್ತದೆ. ಕೆಳಗಿನ ಕಬ್ಬಿಣದ ಹಿಂದೆ ಮೇಲಿನ ಕಬ್ಬಿಣ ಮರೆಯಾಗಿರುತ್ತದೆ. ಗೆರೆ ಸೊಟ್ಟಾದರೆ ಮೊದಲು ತಿಳಿಯುವುದು ಅಲ್ಲಿ ನಿಂತವನಿಗೇ.

ಏಳು ವರ್ಷದ ಹಿಂದಿನ ಮಾತು. ಹಾವೇರಿಯಲ್ಲಿ ನನ್ನದೊಂದು ಸಣ್ಣ ಕಚೇರಿ ಇತ್ತು, ಈಗಲೂ ಇದೆ. ಕಟ್ಟಡಗಳ ಲೆಕ್ಕ ಹಾಕಿ ನಕ್ಷೆ ಬರೆದುಕೊಡುವುದು ಕೆಲಸ. ಬ್ಯಾಡಗಿಯ ಮೆಣಸಿನಕಾಯಿ ಗೋದಾಮುಗಳ ಚಾವಣಿಗಳಲ್ಲಿ ನನ್ನ ನಕ್ಷೆಯವು ಬಹಳ. ಅವೆಲ್ಲ ನಲವತ್ತು ಅಡಿ, ಹೆಚ್ಚೆಂದರೆ ಐವತ್ತು ಅಡಿ ಅಗಲದವು. ಶಾಲೆಯವರು ಕೇಳಿದ್ದು ವ್ಯಾಯಾಮಶಾಲೆ. ಅಗಲ ನೂರು ಅಡಿ, ನಡುವೆ ಒಂದೂ ಕಂಬ ಇರಬಾರದು. ಅದನ್ನು ಹಟ ಹಿಡಿದು ಕೇಳಿದವರು ಅಲ್ಲಿನ ಪಿ.ಟಿ. ಮಾಸ್ತರರು.

"ನಡುವ ಕಂಬ ಬಂತಂದ್ರ ನಮ್ಮ ಕಬಡ್ಡಿ ಹುಡುಗ್ರು ರೇಡರ್‌ನ ಬಿಟ್ಟು ಕಂಬಾನ ತಬ್ಕೊಂಡು ಕುಂದರ್ತಾವ್ರಿ," ಎಂದು ಅವರು ಮೊದಲ ದಿನವೇ ಹೇಳಿದ್ದರು.

ನೂರು ಅಡಿಯ ಚಾವಣಿಯನ್ನು ನಾನು ಅದಕ್ಕೆ ಮೊದಲು ಮಾಡಿರಲಿಲ್ಲ. ಮೂರು ತಿಂಗಳು ಲೆಕ್ಕ ಹಾಕಿದೆ. ಏಳು ಟ್ರಸ್ಸುಗಳು ಬೇಕಾದವು. ಟ್ರಸ್ಸು ಎಂದರೆ ಚಾವಣಿಯನ್ನು ಹೊರುವ, ಕಬ್ಬಿಣದ ಪಟ್ಟಿಗಳನ್ನು ತ್ರಿಕೋನ ತ್ರಿಕೋನವಾಗಿ ಜೋಡಿಸಿದ ತೊಲೆ. ನಿಂತ ನಿಲುವಿನಲ್ಲಿ ಅದು ಎಷ್ಟು ಭಾರವನ್ನಾದರೂ ಹೊರುತ್ತದೆ. ಅಡ್ಡಕ್ಕೆ ಮಾತ್ರ ಅದಕ್ಕೆ ಬಲವಿಲ್ಲ, ಪಕ್ಕದ ಟ್ರಸ್ಸಿಗೆ ಕಟ್ಟುವ ತನಕ ಅದು ತೆಳ್ಳನೆಯ ರಟ್ಟಿನ ಹಾಗೆ. ಆದ್ದರಿಂದ ನಕ್ಷೆಯ ಮೂಲೆಯಲ್ಲಿ ನಾನೇ ಬರೆದಿದ್ದೆ: ಮೊದಲ ಎರಡು ಟ್ರಸ್ಸುಗಳನ್ನು ಒಂದೇ ದಿನ ಏರಿಸಿ, ಒಂದಕ್ಕೊಂದು ಕಟ್ಟಿದ ಮೇಲೆಯೇ ಕ್ರೇನ್ ಬಿಡಬೇಕು.

ಟ್ರಸ್ಸು ತಯಾರಿಸಿದವರು ಬ್ಯಾಡಗಿಯ ಒಬ್ಬ ಮಿಸ್ತ್ರಿ. ಅರವತ್ತರ ಹತ್ತಿರದ ವಯಸ್ಸು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ನನ್ನ ಗೋದಾಮುಗಳನ್ನೆಲ್ಲ ಕಟ್ಟಿದವರು ಅವರೇ. ಅವರ ತಂಗಿಯ ಮಗ ಅವರ ಬಳಿ ಫಿಟ್ಟರ್, ಮೇಲೆ ಹತ್ತಿ ಬೋಲ್ಟು ಬಿಗಿಯುವವನು. ಮೂವತ್ತೆರಡು ವರ್ಷದವನು, ಇಬ್ಬರು ಹೆಣ್ಣುಮಕ್ಕಳ ತಂದೆ.

ಬುಧವಾರ ಸಂಜೆ ಎರಡನೆಯ ಟ್ರಸ್ಸಿನ ನಡುವಿನ ತುಂಡಿನ ತೂತುಗಳು ಹೊಂದುತ್ತಿಲ್ಲ ಎಂದು ತಿಳಿಯಿತು. ಸರಿಪಡಿಸಲು ಎರಡು ದಿನ ಬೇಕಿತ್ತು. ಮೊದಲನೆಯದು ಮಾತ್ರ ಮೂರು ತುಂಡಾಗಿ ಲಾರಿಯಲ್ಲಿ ಮೋಟೆಬೆನ್ನೂರು ದಾಟಿ ಬಂದು, ಶಾಲೆಯ ಬಯಲಿನಲ್ಲಿ ಜೋಡಿಸಿಕೊಂಡು ಮಲಗಿತ್ತು. ರವಿವಾರ ಮಣ್ಣೆತ್ತಿನ ಅಮಾವಾಸ್ಯೆ. ಅದು ಕಳೆದರೆ ಆಷಾಢ, ಒಂದು ತಿಂಗಳು ಯಾರೂ ಶುಭಕಾರ್ಯ ಶುರುಮಾಡುವುದಿಲ್ಲ. ಇದ್ದದ್ದು ಗುರುವಾರದ ಮುಹೂರ್ತ ಒಂದೇ.

ಗುರುವಾರ ಒಂಬತ್ತು ಗಂಟೆಗೆ ನಾವು ಕ್ರೇನಿನ ಮುಂದೆ ನಿಂತು ಮಾತಾಡಿದೆವು. ಶಾಲಾ ಸಮಿತಿಯ ಅಧ್ಯಕ್ಷರು, ಮುಖ್ಯಾಧ್ಯಾಪಕಿ, ಪಿ.ಟಿ. ಮಾಸ್ತರರು, ಚಾಚಾ, ನಾನು. ಕ್ರೇನ್ ಆಪರೇಟರ್ ತನ್ನ ಕುರ್ಚಿಯಲ್ಲೇ ಕೂತು ಕೇಳುತ್ತಿದ್ದ. ಫಿಟ್ಟರ್ ದೂರದಲ್ಲಿ ಉತ್ತರದ ಕಂಬದ ತಲೆಯ ಮೇಲಿದ್ದ, ನಮ್ಮ ಮಾತು ಅವನಿಗೆ ಕೇಳುತ್ತಿರಲಿಲ್ಲ.

"ಒಂದ ಟ್ರಸ್ ಏರ್ಸಿ ಪೂಜಾ ಮುಗಸೂಣು. ಉಳಿದದ್ದು ನಾಳೆ ನಾಡದ ಆದ್ರ ಆತು," ಎಂದರು ಅಧ್ಯಕ್ಷರು.

ಚಾಚಾ ನನ್ನ ಕಡೆ ನೋಡಿದರು. "ಜೋಡಿ ಏರಸ್ರಿ ಅಂತ ನಕ್ಷಾದಾಗ ನೀವ ಬರದೀರಿ, ಸಾಹೇಬ್ರ."

"ಗೋದಾಮಿಗೆ ಒಂದೊಂದ ಏರ್ಸಿ ಹಗ್ಗಕ್ಕ ಬಿಡ್ತಿದ್ದಿಲ್ಲೇನು ಚಾಚಾ?"

"ಅದು ನಲವತ್ತು ಅಡಿದು. ಇದು ನೂರು."

"ಆರು ತಂತಿಹಗ್ಗ ಕಟ್ಟೂಣು."

"ಆರು ಎಲ್ಲಿ ತರ್ಲಿ? ನಾಲ್ಕ ಅದಾವು."

ಜೇಬಿನಲ್ಲಿದ್ದ ಕಾಗದದ ಮೇಲೆ ನಾನು ಏನೋ ಲೆಕ್ಕ ಹಾಕಿದೆ. ಆ ಲೆಕ್ಕ ಈಗಲೂ ನನ್ನ ಬಳಿ ಇದೆ. ಗಾಳಿಯ ಒತ್ತು ಹಾಕಿದ್ದೇನೆ, ಹಗ್ಗದ ಬಲ ಹಾಕಿದ್ದೇನೆ, ಎರಡೂ ಸರಿ ಇವೆ. ಹಗ್ಗ ಮತ್ತು ಹಗ್ಗದ ನಡುವೆ ಬರಿದಾಗಿ ಉಳಿಯುವ ಐವತ್ತು ಅಡಿ ತನ್ನ ಭಾರಕ್ಕೆ ತಾನೇ ಬಾಗುತ್ತದೆಯೇ ಎಂಬುದನ್ನು ನೋಡಿಲ್ಲ. ನಲವತ್ತು ಅಡಿಯ ಟ್ರಸ್ಸಿಗೆ ಅದನ್ನು ನೋಡುವ ಅಗತ್ಯ ಎಂದೂ ಬಿದ್ದಿರಲಿಲ್ಲ.

"ನಾಲ್ಕು ನಡೀತಾವು," ಎಂದೆ.

ಹೀಗೆ ಹೇಳಿದವನು ನಾನು. ಚಾಚಾ ಹಗ್ಗ ತರಲು ಹೋದರು.

ಹತ್ತೂ ನಲವತ್ತಕ್ಕೆ ಟ್ರಸ್ಸು ಕಂಬಗಳ ಮೇಲೆ ಕೂತಿತು. ಕಂಬಗಳ ಮೇಲಿದ್ದ ಚಾಚಾ ಅವರ ಕೆಲಸಗಾರರು ಎರಡೂ ತುದಿಯಲ್ಲಿ ಬೋಲ್ಟು ಬಿಗಿದರು. ಟ್ರಸ್ಸಿನಿಂದ ನೆಲಕ್ಕೆ ನಾಲ್ಕು ಹಗ್ಗ ಎಳೆದು ಕಟ್ಟಿದರು. ಎರಡು ಪೂರ್ವದ ಕಡೆ, ಎರಡು ಪಶ್ಚಿಮದ ಕಡೆ. ಫಿಟ್ಟರ್ ಮೇಲಿನ ಕಬ್ಬಿಣದ ಮೇಲೆ ಕಾಲು ಇಳಿಬಿಟ್ಟು ಕೂತು ಕೂತು ಸರಿಯುತ್ತಾ ನಡುನೆತ್ತಿಗೆ ಬಂದ. ನೆಲದಿಂದ ಮೂವತ್ತಾರು ಅಡಿ. ಟ್ರಸ್ಸನ್ನು ಹಿಡಿದಿದ್ದ ಕ್ರೇನಿನ ಎರಡು ಪಟ್ಟಿಗಳನ್ನು ಬಿಚ್ಚುವುದು ಅವನ ಕೆಲಸ. ಸೊಂಟದ ಬೆಲ್ಟನ್ನು ಟ್ರಸ್ಸಿಗೇ ಸಿಕ್ಕಿಸಿಕೊಂಡಿದ್ದ. ಬೇರೆ ಎಲ್ಲಿಗೆ ಸಿಕ್ಕಿಸಬೇಕಿತ್ತು?

ನಾನು ಕೈ ಇಳಿಸಿ ಸನ್ನೆ ಮಾಡಿದೆ. ಆಪರೇಟರ್ ಪಟ್ಟಿ ಸಡಿಲಿಸಿದ.

ಗೆರೆ ಒಡೆಯಿತು. ಕೆಳಗಿನ ಕಬ್ಬಿಣ ಇದ್ದಲ್ಲೇ ಇತ್ತು. ಮೇಲಿನದು ಅದರ ಹಿಂದಿನಿಂದ ಹೊರಬಂದು ಪೂರ್ವಕ್ಕೆ ಬಾಗಿತು. ಸದ್ದು ಇರಲಿಲ್ಲ, ಅವಸರವೂ ಇರಲಿಲ್ಲ. ನಿದ್ದೆಯಲ್ಲಿದ್ದವರು ಮಗ್ಗುಲು ಬದಲಿಸಿದಂತೆ ಇತ್ತು. ಅದರ ಜೊತೆ ಫಿಟ್ಟರ್ ಕೂಡ ಪೂರ್ವಕ್ಕೆ ಹೋದ.

"ಎತ್ತು! ಬಿಗಿ ಹಿಡಿ!" ಎಂದು ಕೂಗಿದೆ. ಆಪರೇಟರ್ ನನ್ನ ಕೂಗಿಗಿಂತ ಮೊದಲೇ ಕ್ರೇನಿನ ಹಿಡಿ ಎಳೆದಿದ್ದ ಎಂದು ನನ್ನ ನಂಬಿಕೆ. ಪಟ್ಟಿ ಮತ್ತೆ ಬಿಗಿಯಾಯಿತು. ಬಾಗು ಅರ್ಧ ಹಿಂದಕ್ಕೆ ಬಂದು ಅಲ್ಲಿಯೇ ನಿಂತಿತು. ತೋಳು ಚಾಚಿ ಕೈಬೆರಳಿನಿಂದ ಅಳೆದೆ. ಎರಡು ಬೆರಳಗಲ ಸೊಟ್ಟು.

ಆ ಕ್ಷಣದಿಂದ ಅಲ್ಲಿ ಯಾರೂ ಇದ್ದ ಜಾಗ ಬಿಡುವಂತಿರಲಿಲ್ಲ. ಇದನ್ನು ಒಂದೊಂದಾಗಿ ಹೇಳಬೇಕು. ಕ್ರೇನ್ ಟ್ರಸ್ಸನ್ನು ಬಿಟ್ಟರೆ ಟ್ರಸ್ಸು ಮಡಚಿ ಬೀಳುತ್ತಿತ್ತು. ಕ್ರೇನಿನ ತೋಳು ಎಣ್ಣೆಯ ಒತ್ತಡದ ಮೇಲೆ ನಿಂತದ್ದು, ನಿಮಿಷ ನಿಮಿಷಕ್ಕೂ ಕೂದಲೆಳೆಯಷ್ಟು ಇಳಿಯುತ್ತಿತ್ತು. ಆದ್ದರಿಂದ ಆಪರೇಟರ್ ಹಿಡಿಯ ಮೇಲಿನ ಕೈ ತೆಗೆಯುವಂತಿರಲಿಲ್ಲ. ಎಷ್ಟು ಎತ್ತಬೇಕೆಂದು ಅವನಿಗೆ ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿತ್ತು. ಆದ್ದರಿಂದ ನಾನು ಕಂಬದ ಬುಡ ಬಿಡುವಂತಿರಲಿಲ್ಲ. ಟ್ರಸ್ಸನ್ನು ಹಾಗೆಯೇ ಕೆಳಗಿಳಿಸೋಣವೆಂದರೆ ಬಾಗಿದ ಒತ್ತಿಗೆ ಎರಡೂ ತುದಿಯ ಬೋಲ್ಟುಗಳು ತೂತಿನಲ್ಲಿ ಕಚ್ಚಿಕೊಂಡಿದ್ದವು. ಕಂಬದ ಮೇಲಿದ್ದವರು ಪಾನಾ ಹಾಕಿ ತಿರುಗಿಸಿ ನೋಡಿ ತಲೆ ಅಲ್ಲಾಡಿಸಿದರು. ಇವೆಲ್ಲದರ ಮೇಲೆ ಫಿಟ್ಟರ್ ಕೂತಿದ್ದ.

"ಮಾಮೂ," ಎಂದ ಮೇಲಿನಿಂದ. ದನಿ ಸಣ್ಣದಾಗಿತ್ತು. "ಇದು ಉಸಿರಾಡಾಕತ್ತೈತಿ."

"ಅಲ್ಲಾಡಬ್ಯಾಡ. ಕುಂತಲ್ಲೇ ಕುಂದ್ರು," ಎಂದರು ಚಾಚಾ.

ಹನ್ನೊಂದೂವರೆಗೆ ಅವನು ದಕ್ಷಿಣದ ಕಂಬದ ಕಡೆಗೆ ಸರಿಯಲು ಒಮ್ಮೆ ಪ್ರಯತ್ನಿಸಿದ. ಒಂದು ಗೇಣು ಸರಿದಿರಬಹುದು. ಬಾಗು ಎರಡು ಬೆರಳಿನಿಂದ ಮೂರಕ್ಕೆ ಹೋಯಿತು. ಪಶ್ಚಿಮದ ಹಗ್ಗ ಕುಂಯ್ ಎಂದಿತು. "ನಿಲ್ಲು" ಎಂದೆ. ಅವನು ಅದೇ ಗೇಣು ಹಿಂದಕ್ಕೆ ಸರಿದು ಕೂತ.

ಯಾರೋ ದೊಡ್ಡ ಏಣಿ ತರಿಸಿದರು. ಅದನ್ನು ಒರಗಿಸಲು ಅಲ್ಲಿ ಟ್ರಸ್ಸು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಏಣಿ ನೆಲದ ಮೇಲೆ ಮಲಗಿತು. ಇನ್ನೊಂದು ಕ್ರೇನಿಗೆ ಅಧ್ಯಕ್ಷರು ಫೋನು ಮಾಡುತ್ತಲೇ ಇದ್ದರು. ಹಾವೇರಿಯದು ಬೇರೆ ಕೆಲಸದಲ್ಲಿತ್ತು, ಅದರ ಚಾಲಕ ನಾಲ್ಕು ಗಂಟೆಗೆ ಬರುತ್ತೇನೆಂದ. ಮುಖ್ಯಾಧ್ಯಾಪಕಿ ಮಕ್ಕಳನ್ನು ಮುಂದಿನ ಗೇಟಿನಿಂದ ಮನೆಗೆ ಕಳಿಸಿ, ತಾವು ಹಿಂದಿರುಗಿ ಬಂದು ನನ್ನ ಪಕ್ಕ ನಿಂತರು. ಅವರು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಹನ್ನೆರಡರ ಮೇಲೆ ಗಾಳಿ ಎದ್ದಿತು. ಆ ದಿನಗಳಲ್ಲಿ ನಮ್ಮ ಕಡೆ ಮಧ್ಯಾಹ್ನದ ಗಾಳಿ ಪಶ್ಚಿಮದಿಂದಲೇ ಬರುತ್ತದೆ. ಟ್ರಸ್ಸು ಬಾಗಿದ್ದು ಪೂರ್ವಕ್ಕೆ. ಪ್ರತಿ ಸಲ ಗಾಳಿ ಬಂದಾಗ ನಾನು ಬೆರಳು ಎತ್ತಿ ಅಳೆಯುತ್ತಿದ್ದೆ. ಎರಡೂವರೆ ಎನ್ನುತ್ತಿದ್ದೆ, ಪಿ.ಟಿ. ಮಾಸ್ತರರು ಅದನ್ನು ಆಪರೇಟರಿಗೆ ಕೂಗಿ ಹೇಳುತ್ತಿದ್ದರು, ಅವನು ಹಿಡಿಯನ್ನು ಅಷ್ಟೇ ಮುಟ್ಟುತ್ತಿದ್ದ. ಎರಡು. ಎರಡೂ ಕಾಲು. ಎರಡು. ಹೀಗೇ ಅರ್ಧ ಗಂಟೆಗೂ ಹೆಚ್ಚು ನಡೆಯಿತು.

ಆಪರೇಟರ್ ಗುತ್ತಲದವನು. ಮಾಸ್ತರರು ಅವನ ಬಾಯಿಗೆ ನೀರಿನ ಬಾಟಲಿ ಹಿಡಿದರು.

"ಬ್ಯಾಡ್ರಿ ಸರ್. ನೀರು ಕುಡದ್ರ ಇಳಿಬೇಕಾಗ್ತದ," ಎಂದ.

ಮೇಲಿದ್ದವನಿಗೆ ಇದು ಕೇಳಿಸಿತು. "ನನಗರ ಕೇಳ್ರೆಪಾ ಯಾರರ. ನಾ ಮುಂಜಾನಿ ಎರಡು ಕಪ್ಪು ಚಾ ಕುಡದ ಏರೇನಿ."

ಕೆಳಗಿದ್ದ ಕೆಲಸಗಾರರಲ್ಲಿ ಒಬ್ಬ ನಕ್ಕ. ಚಾಚಾ ಅವನತ್ತ ನೋಡಿದರು. ನಗು ನಿಂತಿತು.

ಒಂದು ಗಂಟೆಗೆ ಸ್ವಲ್ಪ ಮುಂಚೆ ಮೇಲಿನಿಂದ ಅವನೇ ಹೇಳಿದ. "ಮಾಮೂ, ಪರ್ಲಿನ್ ಎಲ್ಲೈತಿ?"

ಪರ್ಲಿನ್ ಎಂದರೆ ಒಂದು ಟ್ರಸ್ಸಿನಿಂದ ಇನ್ನೊಂದಕ್ಕೆ ಅಡ್ಡ ಹಾಕುವ, ತಗಡು ಹೊರುವ ಉದ್ದನೆಯ ಕಬ್ಬಿಣದ ಪಟ್ಟಿ. ಇಪ್ಪತ್ತು ಅಡಿಯ ಪಟ್ಟಿಗಳು ಬಯಲಿನಲ್ಲಿ ರಾಶಿ ಬಿದ್ದಿದ್ದವು. ಟ್ರಸ್ಸಿನಿಂದ ಪೂರ್ವಕ್ಕೆ ಸರಿಯಾಗಿ ಇಪ್ಪತ್ತು ಅಡಿಗೆ ಕಟ್ಟಡದ ತುದಿಯ ತಲೆಗೋಡೆ ಚಾವಣಿಯ ಎತ್ತರಕ್ಕೆ ಎದ್ದು ನಿಂತಿತ್ತು. ಅದರ ಹಿಂದೆ ಗಾರೆಯವರ ಬಿದಿರಿನ ಅಟ್ಟಣೆ ಇನ್ನೂ ಇತ್ತು.

"ಗ್ವಾಡಿ ಮ್ಯಾಲಿಂದ ಒಂದೊಂದ ನೂಕ್ರಿ. ಹಗ್ಗ ಹಾಕಿ ನಾ ಎಳ್ಕೋತೇನಿ. ನಾನ ಬೋಲ್ಟ್ ಹಾಕ್ತೇನಿ. ಮತ್ತ್ಯಾರಿಗೆ ಇಲ್ಲಿ ಬರಾಕ ಆಗ್ತದ?"

ಪಕ್ಕದ ಟ್ರಸ್ಸಿಲ್ಲದಿದ್ದರೆ ಗೋಡೆಗೇ ಕಟ್ಟುವುದು. ನನಗೆ ಅದು ಹೊಳೆದಿರಲಿಲ್ಲ. ಎರಡು ಗಂಟೆ ನಾನು ಬೆರಳು ಅಳೆಯುತ್ತಾ ನಿಂತಿದ್ದೆ.

ಚಾಚಾ ನನ್ನ ಎದುರು ಬಂದು ನಿಂತರು. ದನಿ ತಗ್ಗಿಸಿ ಕೇಳಿದರು. "ಗ್ವಾಡಿ ತಡೀತದೇನ್ರಿ?"

ಗೋಡೆಯ ಮೇಲಿನ ಭಾಗ ಕಟ್ಟಿ ಹನ್ನೊಂದು ದಿನವಾಗಿತ್ತು. ಅದರ ನೆತ್ತಿಯ ಕಾಂಕ್ರೀಟಿನ ಪಟ್ಟಿಗೆ ಒಂಬತ್ತು ದಿನ. ಅಂಥ ಗೋಡೆ ಅಡ್ಡ ಒತ್ತನ್ನು ಎಷ್ಟು ತಡೆಯುತ್ತದೆ ಎಂದು ಹೇಳಲು ನನ್ನ ಬಳಿ ಲೆಕ್ಕವಿರಲಿಲ್ಲ. ಲೆಕ್ಕ ಹಾಕಲು ಕಂಬದ ಬುಡ ಬಿಟ್ಟು ಕೂರಬೇಕಿತ್ತು. ತಡೆಯದಿದ್ದರೆ ಗೋಡೆಯ ಮೇಲೆ ಹತ್ತಿದವರೂ ಹೋಗುತ್ತಿದ್ದರು. ಬೇಡವೆಂದರೆ ನಾಲ್ಕು ಗಂಟೆಯ ತನಕ ಗಾಳಿಯಲ್ಲಿ ಅವನು ಹಾಗೆಯೇ ಕೂರಬೇಕು.

"ತಡೀತದ," ಎಂದೆ.

ಬೆಳಿಗ್ಗೆ ಹೇಳಿದ ದನಿಯಲ್ಲಿಯೇ ಹೇಳಿದೆ. ಆ ದನಿಯಿಂದ ಒಂದು ಸುಳ್ಳು ಹೊರಬಂದಿತ್ತು ಎಂದು ಚಾಚಾ ಅವರಿಗೆ ಗೊತ್ತಿತ್ತು. ಆದರೂ ಅವರು ಚಪ್ಪಲಿ ಬಿಚ್ಚಿ ತಾವೇ ಮೊದಲು ಅಟ್ಟಣೆ ಹತ್ತಿದರು.

ಮೊದಲ ಪಟ್ಟಿ ಗೋಡೆಯ ನೆತ್ತಿಯಿಂದ ಅಂಗುಲ ಅಂಗುಲವಾಗಿ ಹೊರಬಂತು. ಅದರ ತುದಿಗೆ ಕಟ್ಟಿ ಫಿಟ್ಟರ್ ಕಡೆ ಎಸೆದ ಹಗ್ಗ ಎರಡು ಸಲ ತಪ್ಪಿತು. ಮೂರನೆಯ ಸಲ ಅವನ ಕೈಗೆ ಸಿಕ್ಕಿತು. ಅವನು ಎಳೆದಾಗಲೆಲ್ಲ ಟ್ರಸ್ಸು ಗೋಡೆಯ ಕಡೆಗೆ ವಾಲುತ್ತಿತ್ತು. "ಮೂರು," ಎಂದೆ. "ಮೂರೂವರೆ." ಮಾಸ್ತರರು ಕೂಗಿದರು. ಆಪರೇಟರ್ ಹಿಡಿ ಮುಟ್ಟಿದ. ಫಿಟ್ಟರ್ ಪಟ್ಟಿಯ ತುದಿಯನ್ನು ಕೂರಿಸಿ, ಒಂದು ಬೋಲ್ಟು ಹಾಕಿ, ಎರಡನೆಯದನ್ನು ಬಾಯಿಂದ ತೆಗೆದು ಹಾಕಿದ. ಒಂದು ಗಂಟೆ ನಲವತ್ತು ನಿಮಿಷ.

ಮುಂದಿನ ಗಾಳಿ ಬಂದಾಗ ನಾನು ಗೋಡೆಯನ್ನು ನೋಡಲಿಲ್ಲ, ಗೆರೆಯನ್ನೇ ನೋಡಿದೆ. ಗೆರೆ ಅಲ್ಲಾಡಲಿಲ್ಲ. ಗೋಡೆ ತಡೆದಿತ್ತು. ಅದು ತಡೆದದ್ದರಿಂದ ನನ್ನ ಮಾತು ನಿಜವಾಯಿತು ಅಷ್ಟೇ, ನಾನು ಹೇಳುವಾಗ ಅದು ನಿಜವೆಂದು ನನಗೆ ಗೊತ್ತಿರಲಿಲ್ಲ.

ಎರಡನೆಯ ಪಟ್ಟಿಗೆ ಅವನು ಆರು ಅಡಿ ಸರಿಯಬೇಕಿತ್ತು. ಈಗ ಸರಿಯಬಹುದಿತ್ತು. ಮೂರನೆಯದು ಇನ್ನೊಂದು ಪಕ್ಕಕ್ಕೆ. ಐದನೆಯದನ್ನು ಬಿಗಿದಾಗ ಗಂಟೆ ಮೂರೂ ಕಾಲು. ಬಾಗು ಅರ್ಧ ಬೆರಳಿಗೆ ಬಂದಿತ್ತು. ಅವನು ಬೆಲ್ಟು ಬಿಚ್ಚಿ, ತಾನೇ ಕಟ್ಟಿದ ಪಟ್ಟಿಯ ಮೇಲೆ ಕೂತು ಸರಿಯುತ್ತಾ ಗೋಡೆಗೆ ಬಂದ. ಚಾಚಾ ಅವನ ಅಂಗಿಯ ಕಾಲರು ಹಿಡಿದು ಒಳಗೆಳೆದುಕೊಂಡರು. ಮೂರೂ ಮೂವತ್ತೈದಕ್ಕೆ ಅವನ ಕಾಲು ನೆಲ ಮುಟ್ಟಿತು.

ಅವನನ್ನು ಮರಳಿನ ಗುಡ್ಡೆಯ ಮೇಲೆ ಕೂರಿಸಿದರು. ಮುಖ್ಯಾಧ್ಯಾಪಕಿ ನೀರು ಕುಡಿಸಿದರು. ಆಮೇಲೆ ಅವನು ತಲೆ ಎತ್ತಿ ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿದ.

"ನಾಲ್ಕು ಹಗ್ಗ ಸಾಕು ಅಂದವರ್ಯಾರು?"

ನಾನು ಬಾಯಿ ತೆರೆದೆನೇ ಇಲ್ಲವೇ ಎಂಬುದು ನನಗೆ ನಿಖರವಾಗಿ ನೆನಪಿಲ್ಲ. ಮಾತು ಬರಲಿಲ್ಲ ಎಂಬುದು ನೆನಪಿದೆ.

"ನಾನ," ಎಂದರು ಚಾಚಾ.

ಅವರು ಯಾಕೆ ಹಾಗೆ ಹೇಳಿದರೋ ನಾನು ಕೇಳಿಲ್ಲ. ನನ್ನ ಹೆಸರು ಕೆಟ್ಟರೆ ಉಳಿದ ಆರು ಟ್ರಸ್ಸು ನಿಲ್ಲುತ್ತವೆ ಎಂದಿರಬಹುದು. ಹಿರಿಯನಾದವನು ತನ್ನ ಅಂಗಡಿಯ ತಪ್ಪನ್ನು ಹೊರಗಿನವರ ಮೇಲೆ ಹಾಕಬಾರದು ಎಂದಿರಬಹುದು. ಅದು ಅವರ ಅಂಗಡಿಯ ತಪ್ಪಾಗಿರಲಿಲ್ಲ. ಬೆಳಿಗ್ಗೆ ನನ್ನ ಮಾತು ಕೇಳಿದ ಐವರಿಗೂ ಅದು ಗೊತ್ತಿತ್ತು. ಯಾರೂ ತುಟಿ ಬಿಚ್ಚಲಿಲ್ಲ. ಫಿಟ್ಟರ್ ಎದ್ದು, ಮಾವನ ಕಡೆ ಇನ್ನೊಮ್ಮೆ ನೋಡದೆ, ಬಸ್ ನಿಲ್ದಾಣದ ಕಡೆ ನಡೆದ.

ಚಾವಣಿ ಆಯಿತು. ಉಳಿದವನ್ನು ಜೋಡಿಯಾಗಿ ಏರಿಸಿದೆವು. ಈಗ ಅದರ ಕೆಳಗೆ ಮಕ್ಕಳು ಕಬಡ್ಡಿ ಆಡುತ್ತಾರೆ. ನಾನು ವರ್ಷಕ್ಕೊಮ್ಮೆ ಬೋಲ್ಟು ನೋಡಲು ಹೋಗುತ್ತೇನೆ. ಹೋದಾಗ ಅದೇ ಕಂಬದ ಬುಡದಲ್ಲಿ ನಿಂತು ಮೇಲೆ ನೋಡುತ್ತೇನೆ. ಬೇರೆ ಕಡೆ ನಿಂತು ನೋಡಬೇಕೆಂದುಕೊಂಡು ಹೋಗಿ ಅಲ್ಲಿಯೇ ನಿಲ್ಲುತ್ತೇನೆ.

ಫಿಟ್ಟರ್ ಮಾವನ ಕೆಲಸ ಬಿಟ್ಟ. ಮೋಟೆಬೆನ್ನೂರಿನಲ್ಲಿ ಹೆದ್ದಾರಿಯ ಪಕ್ಕ ಗೇಟು, ಕಿಟಕಿ ಮಾಡುವ ಅಂಗಡಿ ಇಟ್ಟ. ನೆಲದ ಮೇಲೆ ಮಾಡುವ ಕೆಲಸ. ಏಳು ವರ್ಷ ಮಾವನ ಮನೆಯ ಹೊಸ್ತಿಲು ತುಳಿಯಲಿಲ್ಲ, ಅವರ ಮಗಳ ಮದುವೆಗೂ ಹೋಗಲಿಲ್ಲ. ನನಗೆ ಇದೆಲ್ಲ ತಿಳಿಯುತ್ತಿತ್ತು. ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವಾಗಲೆಲ್ಲ ಅವನ ಅಂಗಡಿಯ ಬೋರ್ಡು ಕಾಣುತ್ತದೆ. ನಾನು ಬಸ್ಸಿನಲ್ಲಿ ಆ ಪಕ್ಕ ಕೂರುತ್ತಿರಲಿಲ್ಲ.

ಕಳೆದ ತಿಂಗಳು ಅಲ್ಲಿ ಇಳಿದೆ. ಅವನು ವೆಲ್ಡಿಂಗ್ ನಿಲ್ಲಿಸಿ, ಕನ್ನಡಕ ಹಣೆಗೇರಿಸಿ, ಕುರ್ಚಿ ಸರಿಸಿದ. "ಬರ್ರಿ ಸಾಹೇಬ್ರ, ಕುಂದ್ರಿ." ನಾನು ನಿಂತೇ ಹೇಳಿದೆ. ನಾಲ್ಕು ಸಾಕು ಎಂದವನು ನಾನು, ಚಾಚಾ ಅಲ್ಲ ಎಂದೆ.

ಅವನು ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಬಿಚ್ಚಿದ.

"ನಿಮ್ಮ ಮಾತು ನಂಬಿ ಒಮ್ಮೆ ಮ್ಯಾಲೆ ಏರಿದ್ದೆ, ಸಾಹೇಬ್ರ," ಎಂದ. "ಈಗ ಮತ್ತ ನಂಬು ಅಂತೀರಿ. ನಿಮ್ಮನ್ನ ಬಿಟ್ಟು ಆ ಮಾತು ಮತ್ತ್ಯಾರು ಕೇಳ್ಯಾರ? ಅವ್ರು ಇನ್ನೂ ಅದಾರೇನು? ಬರದು ಕೊಡ್ರಿ."

ಅವನು ಕೇಳಿದ್ದನ್ನು ಇಲ್ಲಿ ಬರೆದಿದ್ದೇನೆ. ಸಮಿತಿಯ ಅಧ್ಯಕ್ಷರು ತೀರಿಕೊಂಡರು. ಪಿ.ಟಿ. ಮಾಸ್ತರರೂ ಹೋದ ವರ್ಷ ತೀರಿಹೋದರು. ಕ್ರೇನ್ ಆಪರೇಟರ್ ಇದ್ದಾನೆ, ಗುತ್ತಲದಲ್ಲಿ ತನ್ನದೇ ಒಂದು ಟ್ರ್ಯಾಕ್ಟರ್ ಓಡಿಸುತ್ತಾನೆ. ನಾನು ಹೋಗಿ ಮಾತಾಡಿಸಿದ್ದೇನೆ, ಕೇಳಿದರೆ ಹೇಳುತ್ತೇನೆಂದ. ಮುಖ್ಯಾಧ್ಯಾಪಕಿ ಇದ್ದಾರೆ, ನಿವೃತ್ತರಾಗಿ ಅಗಡಿಯಲ್ಲಿ ಮಗಳ ಮನೆಯಲ್ಲಿದ್ದಾರೆ, ಎಲ್ಲವೂ ನೆನಪಿದೆ ಎಂದರು. ಚಾಚಾ ಇದ್ದಾರೆ, ಬ್ಯಾಡಗಿಯಲ್ಲಿ, ಅದೇ ಮನೆಯಲ್ಲಿ.